ಮುಗಿದೂ ಇರುವುದು

ಗೋರ್ಟ್ ಎಂಬ ಊರು. ಗಾಲ್ವೇಯಿಂದ ದಕ್ಷಿಣಕ್ಕೆ ಅರ್ಧ ಗಂಟೆ.
ಮಂಗಳವಾರ ಸಂಜೆ ಏಳಕ್ಕೆ ಗ್ರಂಥಾಲಯದ ಮೇಲಿನ ಕೋಣೆ.
ಮಾಂಸದ ಕಾರ್ಖಾನೆಯಿಂದ ನೇರ ಬಂದ ಬ್ರೆಜಿಲಿನವರ
ಹಣೆಯಲ್ಲಿ ಇನ್ನೂ ಟೋಪಿಯ ಗೆರೆ.

ನೂಲಾ ಟೀಚರು ಹಲಗೆಯ ಮೇಲೆ ಬರೆದರು: ಹ್ಯಾವ್.
"ಕಾರು ಇದೆ, ಕೊಡೆ ಇದೆ ಅನ್ನುವ ಹ್ಯಾವ್ ಅಲ್ಲ ಇದು.
ಆದ ಕೆಲಸವನ್ನು ಕೈಹಿಡಿದು
ಈ ಕ್ಷಣಕ್ಕೆ ರಸ್ತೆ ದಾಟಿಸುವ ಹ್ಯಾವ್.
ಇವತ್ತು ಎಷ್ಟು ದನ ಕೊಯ್ದಿದ್ದೀರಿ, ವಾಂಡರ್ಲೇ?"

ಲೆಕ್ಕ ಹಾಕಿದ. "ಐ ಕಟ್ ನೂರಾ ನಲವತ್ತು."
"ಹ್ಯಾವ್ ಕಟ್. ಇವತ್ತು ಇನ್ನೂ ಮುಗಿದಿಲ್ಲ."
"ನನಗೆ ಮುಗಿಯಿತು ಟೀಚರ್. ಚಾಕು ತೊಳೆದಿಟ್ಟೆ."

ನಿಯಮ ಎರಡು: ತಾರೀಕು ಹೇಳಕೂಡದು.
ನಿನ್ನೆ ಅಂದಿರೋ, ಎರಡು ಸಾವಿರದ ಹತ್ತು ಅಂದಿರೋ,
ಹ್ಯಾವ್ ಕಳಚಿ ಬೀಳುತ್ತದೆ.
ಯಾವಾಗ ಎಂದು ಗೊತ್ತಾದದ್ದು ಆಗಿಹೋದದ್ದು.

ಈಗ ಒಬ್ಬೊಬ್ಬರೂ ಒಂದು ವಾಕ್ಯ.
ಎಜಿಲೇನಿ: ಐ ಹ್ಯಾವ್ ನೆವರ್ ಸೀನ್ ಸ್ನೋ.
ಹಿಮ ನೋಡಬಹುದೆಂದೇ ಬಂದಳಂತೆ, ಆರು ವರ್ಷದಿಂದ ಬರೀ ಮಳೆ.
ವಾಂಡರ್ಲೇ ಎಡಗೈ ಎತ್ತಿದ, ಉಂಗುರದ ಬೆರಳಿಲ್ಲದ್ದು.
ಐ ಹ್ಯಾವ್ ಲಾಸ್ಟ್.
"ವೆರಿ ಗುಡ್," ಅಂದುಬಿಟ್ಟರು ನೂಲಾ,
ಅಂದಮೇಲೆ ಬಾಯಿಗೆ ಕೈ ಅಡ್ಡ ಇಟ್ಟುಕೊಂಡರು.
"ಯಾವಾಗ?" ಹೊಸದಾಗಿ ಸೇರಿದ ಹುಡುಗ ಕೇಳಿದ.
"ಹೇಳಕೂಡದು," ಅಂದ ವಾಂಡರ್ಲೇ. "ನಿಯಮ."

ಕೆಳಗೆ ಬೀಗ ಹಾಕಲು ಬಂದ ಕಹಲ್ ಜೇಬು ತಡಕುತ್ತಾ
ಊರವರ ಇಂಗ್ಲಿಷಿನಲ್ಲಿ ಗೊಣಗಿದ:
ಐ ಆಮ್ ಆಫ್ಟರ್ ಲೂಸಿಂಗ್ ದ ಕೀಸ್.
ವಾಂಡರ್ಲೇ ಮೆಟ್ಟಿಲಲ್ಲೇ ನಿಂತ.
ಕಳೆಯುವುದರ ಬೆನ್ನು ಹತ್ತಿದ್ದಾನಾ ಇವನು?
ಅಲ್ಲವಂತೆ. ಕಳೆದ ಮೇಲೆ ಇದ್ದಾನಂತೆ.
ನೂಲಾ ಕಿವಿ ಕೆಂಪಾಯಿತು. ಅವರ ಅಮ್ಮನ ಬಾಯಲ್ಲೂ ಹೀಗೇ ಇತ್ತು.
"ಪರೀಕ್ಷೆಯಲ್ಲಿ ಮಾತ್ರ ಬರೆಯಬೇಡಿ," ಅಂದರು.

ಚಹಾದ ಲೋಟ ತೊಳೆಯುವುದು ನನ್ನ ಪಾಲು;
ತೊಳೆಯುತ್ತಾ, ಕೇಳಿದ್ದನ್ನೆಲ್ಲ
ಕನ್ನಡಕ್ಕೆ ತಿರುಗಿಸಿ ನೋಡುವ ಹಳೇ ಚಟ.
ಬೆರಳು ಹೋಗಿದೆ.
ಹೋಗಿ, ಇದೆ.
ಬದುಕಿಡೀ ಅಂದಿದ್ದೇನೆ ಇದನ್ನು,
ಸಂಧಿ ಬಿಡಿಸಿ ಕೇಳಿಸಿಕೊಂಡಿರಲಿಲ್ಲ.

ಹೊರಗೆ, ಬಸ್ಸು ನಿಲ್ಲುವಲ್ಲಿ, ಗಾಳಿ ಕೊರೆಯುತ್ತಿದೆ.
ವಾಂಡರ್ಲೇ ಯಾರ ಜೊತೆಗೋ ಏನೋ ಮಾತಾಡುತ್ತಾ
ಕೈಗವಸಿನ ಖಾಲಿ ಬೆರಳನ್ನು
ಕೆರೆದುಕೊಳ್ಳುತ್ತಿದ್ದಾನೆ.