ಸೀಸದ ಡಬ್ಬಿ

ಮಂಗಳೂರು ಬಂದರಿನ ಅಡ್ಡಬೀದಿಯಲ್ಲಿ
ಅಪ್ಪ ತಕ್ಕಡಿ ರಿಪೇರಿ ಮಾಡುತ್ತಿದ್ದ.
ತೂಕದ ಕಲ್ಲು ಅಂದರೆ ಕಲ್ಲಲ್ಲ, ಕಬ್ಬಿಣ.
ಅದರ ಅಡಿಯಲ್ಲೊಂದು ತೂತು, ತೂತಿನೊಳಗೆ ಸೀಸ,
ಸೀಸದ ಮೇಲೆ ಸರಕಾರದ ಮುದ್ರೆ.
ಅಂಗಡಿಗಳು ಅರೆಬಾಗಿಲು ಹಾಕುವ ಮಧ್ಯಾಹ್ನ
ಕೆಲವರು ಕಲ್ಲನ್ನು ಬೈರಾಸಿನಲ್ಲಿ ಸುತ್ತಿ ತರುತ್ತಿದ್ದರು.
"ಸ್ವಲ್ಪ ನೋಡಿ ಆಚಾರ್ರೇ." ಅಷ್ಟೇ.
ನೋಡುವುದು ಅಂದರೆ ಕೆರೆಯುವುದು,
ಮುದ್ರೆಗೆ ನೋವಾಗದ ಹಾಗೆ, ಪಕ್ಕದಿಂದ.
ಕಿಲೋಗೆ ನಲವತ್ತು ಗ್ರಾಂ. ಕೂಲಿ ಐದು ರೂಪಾಯಿ.
ಕೆರೆದ ಸೀಸವನ್ನು ಅವನು ಮಾರಲಿಲ್ಲ.
ಬಿಸ್ಕತ್ತಿನ ಡಬ್ಬಿಗೆ ಹಾಕಿಟ್ಟ.

ಉಪೇಂದ್ರ ಶೆಣೈ ಸಿಕ್ಕಿಬಿದ್ದದ್ದು ಹಗಲು ಹನ್ನೊಂದಕ್ಕೆ.
ಇನ್ಸ್‌ಪೆಕ್ಟರು ಕಲ್ಲನ್ನೆತ್ತಿ ಇಡೀ ಬೀದಿಗೆ ತೋರಿಸಿದರು.
ದಂಡ ದೊಡ್ಡದಲ್ಲ.
ಮಗಳ ನಿಶ್ಚಯಕ್ಕೆ ಕರೆದವರಲ್ಲಿ ಅರ್ಧ ಜನ ಆ ಬೀದಿಯವರು.
ಎಂಟು ದಿನ ಅಂಗಡಿ ತೆರೆಯಲಿಲ್ಲ.
ಒಂಬತ್ತನೇ ದಿನ ಹೊಸ ಕಲ್ಲು.
ತಿಂಗಳು ಕಳೆದು, ಬೈರಾಸಿನಲ್ಲಿ ಸುತ್ತಿಕೊಂಡು,
ಮತ್ತೆ ಅಪ್ಪನ ಹತ್ತಿರ.

ಜೆರೊಮ್ ಲೋಬೊ ಯಾರ ಕಣ್ಣಿಗೂ ಬೀಳಲಿಲ್ಲ.
ಅದೇ ಅವನಿಗೆ ಕಷ್ಟವಾಯಿತು.
ಕುಮ್ಸಾರಿಗೆ ಹೋದ. ಜಾಲರಿಯ ಆಚೆಯಿಂದ ಪಾದ್ರಿ
ತೆಗೆದದ್ದನ್ನು ಹಿಂದೆ ಕೊಡು ಅಂದರಂತೆ.
ಯಾರಿಗೆ? ಹನ್ನೊಂದು ವರ್ಷದ ಗಿರಾಕಿಗಳು,
ಕೆಲವರು ಮುಂಬಯಿಗೆ, ಕೆಲವರು ಗಲ್ಫಿಗೆ, ಕೆಲವರು ಮಣ್ಣಿಗೆ.
ಅಂದಿನಿಂದ ಬಂದವರಿಗೆಲ್ಲ ಒಂದು ಹಿಡಿ ಮೇಲೆ ಹಾಕತೊಡಗಿದ,
ಬೆಲ್ಲಕ್ಕೆ, ಕುಚ್ಚಲಕ್ಕಿಗೆ, ಒಣಮೆಣಸಿಗೆ.
ಲೋಬೊ ಪೊರ್ಬುಗಳದ್ದು ಭಾರೀ ಧಾರಾಳ ಕೈ ಅಂತ ಹೆಸರಾಯಿತು.
ಹೊಗಳಿದಾಗೆಲ್ಲ ಅವನು ತಲೆ ತಗ್ಗಿಸುತ್ತಿದ್ದ.
ಜನ ಅದನ್ನೂ ವಿನಯ ಅಂದರು.

ಮೀನಿನ ಸರಸು ದೈವಕ್ಕೆ ತಪ್ಪು ಕಾಣಿಕೆ ಹಾಕಿ
ಅಂಗಳದಲ್ಲೇ ತಕರಾರು ತೆಗೆದಳಂತೆ:
"ಕಡಲು ನನಗೆ ಸರಿಯಾಗಿ ತೂಗಿ ಕೊಡುತ್ತದಾ?"
ದೈವದ ನುಡಿ ಏನಾಯಿತೋ ಅವಳು ಬಾಯಿಬಿಡಲಿಲ್ಲ.
ಮರುದಿನದಿಂದ ಬಂಗುಡೆ ಲೆಕ್ಕದಲ್ಲಿ, ನೂರಕ್ಕೆ ಹತ್ತು.
ತಕ್ಕಡಿಯ ಸಹವಾಸವನ್ನೇ ಬಿಟ್ಟಳು.

ಅಪ್ಪನಿಗೆ? ಕೇಳಿದ್ದೆ ಒಮ್ಮೆ.
"ನಾನು ತೂಗುವವನಲ್ಲ ಮಗಾ, ಕೆರೆಯುವವನು."
ಆದರೂ ಊಟಕ್ಕೆ ಮುಂಚೆ ಬೂದಿ ಹಾಕಿ
ಅಷ್ಟು ಹೊತ್ತು ಕೈ ತಿಕ್ಕುತ್ತಿದ್ದ. ಕಪ್ಪು ಹೋಗುತ್ತಿರಲಿಲ್ಲ.

ಆ ಕೈಯಲ್ಲೇ ನಾನು ಮರೆತ ಬುತ್ತಿ ಹಿಡಿದು
ಕಾನ್ವೆಂಟಿನ ಗೇಟಿಗೆ ಬಂದಿದ್ದ. ನಾನು ಎಂಟನೇ ಕ್ಲಾಸು.
"ಯಾರೇ ಅದು?" ಅಂದಳು ಪಕ್ಕದವಳು.
"ನಮ್ಮ ಅಂಗಡಿಯ ಕೆಲಸದವರು."
ಅವನಿಗೆ ಕೇಳಿಸಿತು.
ಬುತ್ತಿಯನ್ನು ವಾಚ್‌ಮನ್ ಕೈಗಿಟ್ಟು,
"ಇದನ್ನು ಆ ಅಮ್ಮನವರಿಗೆ ಕೊಡಿ" ಅಂದ,
ಥೇಟ್ ಕೆಲಸದವನ ಹಾಗೆ, ಬಗ್ಗಿ.

ಆ ದಿನ ನನಗಾದದ್ದು ನಾಚಿಕೆ. ನೋಡುವ ಕಣ್ಣುಗಳಿದ್ದವು.
ಈಗ ಅವಳ ಹೆಸರೂ ಮರೆತಿದೆ, ಅಪ್ಪನೂ ಇಲ್ಲ,
ಯಾರೂ ನೋಡುತ್ತಿಲ್ಲ. ಇದೇನು ಹಾಗಾದರೆ?
ತುಳುವಿನಲ್ಲಿ ಇದಕ್ಕೇನನ್ನುತ್ತಾರೆ ಅಂತ ಅಮ್ಮನನ್ನು ಕೇಳಿದೆ.
"ನಾಚಿಗೆ." ಅದಲ್ಲ ಅಂದೆ.
ಬೀಡಿಯ ಎಲೆ ಕತ್ತರಿಸುತ್ತಾ ಅಂದಳು,
"ಹೊಟ್ಟೆಯೊಳಗೆ ಕೂತದ್ದನ್ನು ಯಾರಾದರೂ ಹೆಸರು ಹಿಡಿದು ಕರೆಯುತ್ತಾರಾ?"

ಡಬ್ಬಿಯನ್ನು ಇದ್ದಿನಬ್ಬರ ಮಂಡಿಯ
ಎಲೆಕ್ಟ್ರಾನಿಕ್ ತಕ್ಕಡಿಯಲ್ಲಿಟ್ಟೆ. ಒಂದು ಕಿಲೋ ಮುನ್ನೂರ ನಲವತ್ತು.
ಏನು ಮಾಡಲಿ ಇದನ್ನು ಅಂದೆ.
ಎಂಬತ್ತು ದಾಟಿದ ಮುದುಕರು, ಟೊಪ್ಪಿ ತೆಗೆದು ತಲೆ ತುರಿಸಿಕೊಂಡು,
"ಯಾರಿಂದ ತೆಗೆದದ್ದೋ ಅವರೇ ಬಿಟ್ಟುಕೊಡಬೇಕು.
ಆ ಲೆಕ್ಕದಲ್ಲಿ ಪಡೆದವನೂ ನಡುವೆ ಬರುವುದಿಲ್ಲ" ಅಂದರು.

ರಾತ್ರಿ ಗ್ಯಾಸಿನ ಮೇಲೆ ಸೀಸ ಕರಗಿಸಿದೆ.
ಐದು ಕಿಲೋದ ಹಳೆಯ ಕಲ್ಲೊಂದಿತ್ತು,
ತೂತು ಹಿಡಿದಷ್ಟು ಸುರಿದೆ, ಇನ್ನೂ ಸುರಿದೆ, ಉಬ್ಬಿ ನಿಂತಿತು.
ಮೇಲೆ ಐದು ಅಂತಲೇ ಇದೆ. ಅದು ಸುಳ್ಳು, ಈ ಸಲ ಹೆಚ್ಚಿನ ಕಡೆಗೆ.
ಕಡಲ ಗಾಳಿಗೆ ಬಡಿಯುವ ಹಿಂಬಾಗಿಲಿಗೆ ಒತ್ತಿಟ್ಟಿದ್ದೇನೆ.

ಉಳಿದ ಸೀಸ ಡಬ್ಬಿಯಲ್ಲೇ ಇದೆ.