ಒಂಬತ್ತು ಬಿಳಿ ಕಾಗದ

ದಿನಾ ಮುಂಜಾನೆ ಆರಕ್ಕ ಸುಣ್ಣಗೋಳದ ಸಾಲಿ ಮಾಳಿಗಿ ಹತ್ತಿ
ನಿನ್ನೀದು ತಗಿಯೂದು, ಇವತ್ತಿಂದು ಇಡೂದು.
ಅಂಗೈಯಷ್ಟಗಲ ದುಂಡನ ಕಾಗದ.
ಗಾಳಿ ಎಳಕೊಳ್ಳೂ ಡಬ್ಬಿ, ಅದರ ಹೊಟ್ಟ್ಯಾಗ
ಎಮ್ಮಿ ಗೊರಕಿ ಹೊಡದಂಥ ಸಪ್ಪಳ.
ಹೋಗುವಾಗಿನ ತೂಕ, ಬರುವಾಗಿನ ತೂಕ,
ನಡುವಿನ ವ್ಯತ್ಯಾಸಕ್ಕ ಸಹಿ: ಮೈಬೂಬಸಾಬ ಕೊರ್ತಿ.
ಇಪ್ಪತ್ತಾರು ವರ್ಷ ಇದಽ ನನ್ನ ನೌಕರಿ.

ಸರಕಾರದ ಸಿಮೆಂಟು, ಸರಕಾರದ ಚಿಮಣಿ.
ಒಂದು ರಾತ್ರಿ ಕಳಿಯೂದ್ರಾಗ ಕಾಗದ ಇಲಿ ಬಣ್ಣ.
ಮಾಲಿನ್ಯ ಮಂಡಳಿಯಿಂದ ವರ್ಷಕ್ಕೊಂದು ನೋಟೀಸು, ಖಾಕಿ ಲಕೋಟಿ.
ನಮ್ಮ ಉತ್ತರಾನೂ ಖಾಕಿ ಲಕೋಟಿ.
ಒಂದಽ ಮನಿ ಅಣ್ಣತಮ್ಮರು,
ಎಡಗಿಸೆ ಬಲಗಿಸೆಗೆ ಏನು ದಂಡ ಹಾಕೀತು?
ಸಾಲಿ ಮಕ್ಕಳು ಬೆಂಚಿನ ಮ್ಯಾಲೆ ಬೆರಳಲೆ ಹೆಸರು ಬರೀತಿದ್ರು,
ಪಾಟಿ ಬೇಕಾಗಿರಲಿಲ್ಲ.

ಆದ್ರ ರಜಿಸ್ಟರು ಯಾರು ಕೇಳಿದ್ರೂ ತೋರಸ್ತಿದ್ದೆ.
ಹಾಲು ಹಾಕೂ ಸೋಮವ್ವ ಒಮ್ಮೆ ಬಂದು
ಎಮ್ಮಿ ಯಾಕ ಮೇವು ಮುಟ್ಟವಲ್ದು ಅಂತ
ಜನವರಿಯಿಂದ ಮಾರ್ಚಿನ ತನಕ ಬೆರಳಿಟ್ಟು ಓದಿಸಿಕೊಂಡ್ಲು.
ಓದಿದ ಮ್ಯಾಲೆ ಬೈದ್ಲು
ನನ್ನ, ಮ್ಯಾನೇಜರನ್ನ, ಮಂತ್ರೀನ್ನ.
ಬೈಯಾಕ ಅಕಿಗೆ ವಿಳಾಸ ಗೊತ್ತಿತ್ತು.

ಆಮ್ಯಾಲೆ ಬೆಲೆ ಕಟ್ಟಾಕ ಮೂವರು ಬಂದ್ರು.
ಭಟ್ಟಿ ಎಣಿಸಿದ್ರು, ರೈಲು ಡಬ್ಬಿ ಎಣಿಸಿದ್ರು,
ಗುಡ್ಡದಾಗ ಇನ್ನೂ ಹುಗದಿರೂ ಕಲ್ಲು,
ಕ್ಯಾಂಟೀನಿನ ಚಮಚಾ ಸೈತ.
‘ಧೂಳು?’ ಅಂದೆ.
‘ಯಾವ ಧೂಳು?’
‘ಹೊರಗ ಬಿದ್ದದ್ದು. ಮಾಳಿಗಿ ಮ್ಯಾಲಿಂದು, ಎಲಿ ಮ್ಯಾಲಿಂದು,
ಎದಿಯಾಗಿಂದು. ಅದು ಯಾರ ಖಾತೇಕ?’
ಸಣ್ಣಾಂವ ನಕ್ಕ. ಹಿರಿಯಾಂವ ನಗಲಿಲ್ಲ,
ಹದಿನೇಳನೇ ಕಲಮು ತೋರಿಸಿದ:
ಹಿಂದಿನ ಮಾಲಿನ್ಯದ ಹೊಣೆ ಮಾರಿದ ಕಂಪನೀದು.
ಹದಿನೆಂಟನೇದು ನಾನಽ ಓದಿದೆ:
ಮಾರಿದ ಮ್ಯಾಲೆ, ಮಾರಿದ ಕಂಪನಿ ವಿಸರ್ಜನೆ.

ಹನ್ನೊಂದು ದಿನ ಮುಷ್ಕರ. ಗೇಟಿನ ಮುಂದ ಪೆಂಡಾಲು.
ಯೂನಿಯನ್ನಿನ ಈರಭದ್ರ ನಾಗರಾಳ
‘ಜನರ ಆಸ್ತಿ ಜನರಿಗೇ’ ಅಂತ ಗಂಟಲು ಹರಕೊಂಡ,
ನಾನೂ ಕೈ ಎತ್ತಿದೆ.
ಆದ್ರ ಆರಕ್ಕ ಮಾಳಿಗಿ ಹತ್ತೂದು ಬಿಡಲಿಲ್ಲ,
ಡಬ್ಬಿಗೆ ಯೂನಿಯನ್ ಇಲ್ಲ.
ಮೊದಲಿನ ದಿನ ಬೂದಿ. ಎರಡನೇ ದಿನ ಬೂದಿಯ ನೆಪ್ಪು.
ಮೂರನೇ ಮುಂಜಾನೆ
ಕಾಗದ ಹೆಂಗಿಟ್ಟಿದ್ದೆನೋ ಹಂಗಽ.
ಹೊಸಾದಽ ಕೈಗೆ ಬಂತೇನೋ ಅಂತ ಹೊಳ್ಳಿಸಿ ನೋಡಿದೆ.
ತಲಿ ಎತ್ತಿದ್ರ ದೂರ ಯಡಹಳ್ಳಿ ಗುಡ್ಡ.
ಅಲ್ಲಿ ಗುಡ್ಡ ಅದಾವ ಅನ್ನೂದಽ ಮರತಿದ್ದೆ.

ಒಂಬತ್ತು ಬಿಳಿ ಕಾಗದ.
ಪೆಂಡಾಲಿನಾಗ ತೋರಿಸಿದ್ರ ನಮ್ಮ ಕೂಗಿಗೇ ಎದುರು ಸಾಕ್ಷಿ.
ಕೊಳ್ಳೋರಿಗೆ ತೋರಿಸಿದ್ರ
ಸರಕಾರದ ಹೊಲಸು ನೋಡ್ರಿ ಅಂತ ಬೆಲೆ ಇಳಿಸ್ತಾರ.
ರಜಿಸ್ಟರಿನಾಗ ‘ಯಂತ್ರ ಬಂದ್’ ಅಂತ ಬರದೆ,
ಟ್ರಂಕಿನ ತಳಕ್ಕ ಇಟ್ಟೆ.
ಇಪ್ಪತ್ತಾರು ವರ್ಷದಾಗ ಅದೊಂದಽ ಸುಳ್ಳು.

ಹೊಸಬರು ಚಿಮಣಿಗೆ ಚೀಲದ ಜರಡಿ ಕೂಡಿಸಿದ್ರು, ಖರೆ ಹೇಳಬೇಕು.
ಸಾಲ ಕೊಟ್ಟ ಬ್ಯಾಂಕು ಹಟ ಹಿಡದಿತ್ತಂತ.
ಹಗಲೊತ್ತು ಹೊಗಿ ಕಾಣೂದಿಲ್ಲ.
ಗೇಟಿನ ಮ್ಯಾಲೆ ಕೆಂಪು ಅಂಕಿ ಉರಿಯೂ ಫಲಕ:
ಮಿತಿ ಐವತ್ತು. ಇವತ್ತು ನಲವತ್ತೇಳು.
ನಿನ್ನೆ ನಲವತ್ತೇಳು.
ರಿಪೇರಿಗಂತ ಭಟ್ಟಿ ಆರಿಸಿದ್ರಲ್ಲ, ಆ ವಾರ
ನಲವತ್ತೇಳು.
ಸಾಲಿ ಮಾಳಿಗಿ ಡಬ್ಬಿ ಗುಜರಿಗೆ ಹೋತು.
ರಜಿಸ್ಟರು ಕಂಪನಿಯ ಗುಟ್ಟು ಆತು.
ಸೋಮವ್ವ ಗೇಟಿಗೆ ಹೋದ್ರ ಪಾಸು ಬೇಕಂದ್ರಂತ,
ಪಾಸಿಗೆ ಕಾರಣ ಬೇಕಂತ.
‘ಬೈಯಾಕ’ ಅಂದ್ಲಂತ.

ಧೂಳು ಕಡಿಮಿ ಆಗಿರಬಹುದು.
ಆಗಿದ್ರ ಛಲೋನಽ ಆತು.
ಆಗಿರಬಹುದು ಅನ್ನೂದನ್ನ ತೂಗೂದು ಹೆಂಗ?

ನಿನ್ನೆ ರಾತ್ರಿ ಟ್ರಂಕಿನಿಂದ ಒಂದು ತಗದೆ.
ನಮ್ಮ ಮನಿ ಮಾಳಿಗಿ ಮ್ಯಾಲೆ ನಾಕು ಹಳ್ಳು ಹೇರಿ ಇಟ್ಟೆ.
ಮುಂಜಾನೆ ಹಾಲು ತಂದ ಸೋಮವ್ವ ಕೇಳಿದ್ಲು: ‘ಎಷ್ಟೈತಿ?’
ತಕ್ಕಡಿ ಕಾರ್ಖಾನ್ಯಾಗ ಉಳದೈತಿ, ಅಂದೆ.
ಅಕಿ ಕಾಗದದ ಮ್ಯಾಲೆ ಬೆರಳಾಡಿಸಿ,
ತುದಿ ಬಿಸಲಿಗೆ ಹಿಡದು
ಹಾಲಿನಾಗ ನೀರು ಹುಡುಕೂ ಕಣ್ಣಲೆ ನೋಡಿ,
‘ಬರಕೋ’ ಅಂದ್ಲು.