ಗೈಬೂಸಾಬನ ಬಲಗೈ

ದಿವಾನದ ಮ್ಯಾಲ ಅಂಗಾತ ಮಲಗು ಅಂದ್ರಿ, ಮಲಗೀನಿ.
ತಲಿ ಕಡೆ ಕುಂತೀರಿ, ನಿಮ್ಮ ಮಾರಿ ಕಾಣಂಗಿಲ್ಲ.
ಬಾಯಿಗೆ ಬಂದದ್ದು ಹೇಳು ಅಂತೀರಿ, ಡಾಕ್ಟರಬಾಯಾರ.
ನಮ್ಮ ಮನ್ಯಾಗ ಬಾಯಿಗೆ ಬಂದದ್ದು ಹೇಳಿದ್ರ
ಬಾಯಿ ಮ್ಯಾಲೇ ಬೀಳತಿದ್ದವು.

ಮೂವತ್ತೊಂದು ವರ್ಷ ವಾಲ್ವ್‌ಮನ್ ನಾ.
ಶಾಪೂರ ಅಗಸಿಯಿಂದ ಜೋಡಗುಮ್ಮಟದ ತನಕ
ಯಾವ ಓಣಿಗೆ ಯಾವತ್ತು ನೀರು, ಕೈಯೇ ಹೇಳತಿತ್ತು.
ಈಗ ಚಾವಿ ಹಿಡದ್ರ ಬಲಗೈ ಕಟ್ಟಿಗಿ.
ಸೊಲ್ಲಾಪುರದ ಡಾಕ್ಟರ ಫೋಟೋ ತಗಸಿ
'ನರ ಚಲೋ ಅದಾವ' ಅಂದ, ಬೈದಂಗ.

ನೀವು ಒಂದೇ ಸಲ ಕತಿ ಹೇಳಿದ್ರಿ:
ನೂರಾ ನಲವತ್ತು ವರ್ಷದ ಹಿಂದ, ವಿಯೆನ್ನಾ ಅಂಬೂ ಊರಾಗ
ಒಬ್ಬಾಕಿಗೆ ಆರು ವಾರ ನೀರು ಗಂಟಲ ಇಳಿಯಲಿಲ್ಲ.
ಗ್ಲಾಸು ತುಟಿಗೆ ಬಂದ್ರ ದೂಡತಿದ್ಲು, ಹಣ್ಣು ತಿಂದು ಜೀವ ಹಿಡದ್ಲು.
ಒಂದಿನ ಅರೆನಿದ್ದ್ಯಾಗ ಅಂದ್ಲು:
ಗ್ಲಾಸಿನ್ಯಾಗ ನಾಯಿ ನೀರು ಕುಡಿಯೂದು ನೋಡಿದೆ,
ಮರ್ಯಾದಿಗೆ ಸುಮ್ಮನಿದ್ದೆ.
ಸಿಟ್ಟೆಲ್ಲಾ ಕಾರಿ, ನೀರು ತಾ ಅಂದು, ಕುಡದೇಬಿಟ್ಲು.
'ಮಾತಿನ ಮದ್ದು' ಅಂತ ಹೆಸರಿಟ್ಟಾಕಿ ಆಕೀನೇ, ಡಾಕ್ಟರಲ್ಲ.
ನಾಯಿ ಕತಿಗೆ ನಾ ನಕ್ಕೆ.
ಮನಿಗೆ ಹೋಗಿ ನೀರು ಕುಡಿಯೂವಾಗ ನಗಲಿಲ್ಲ.

ನಮ್ಮೂರ ನೆಲದ ಕೆಳಗ ಹಳೇ ಸುರಂಗ ಅದಾವ,
ತೊರವಿ ಕಡಿಂದ ಬಾದಶಾಹರು ತಂದ ನೀರಿನ ಹಾದಿ.
ಉಸಿರಿನ ಕಿಂಡಿಗೆ ಜನ ಮುಳ್ಳು ಹಾಕ್ಯಾರ, ಕಸ ಒಗದಾರ.
ನಡುನಡುವ ಗಂಜ್ ಕಟ್ಯಾರ, ಒತ್ತಡ ಇಳಸಾಕ.
ಗಂಜ್ ಇಲ್ಲಂದ್ರ ಕೊಳವಿ ತನಗ ಬೇಕಾದಲ್ಲಿ ಒಡೀತದ.
ಇದನ್ನ ನಾ ಪೈಪಿನ ಬಗ್ಗೆ ಹೇಳಿದ್ದು.
ನಿಮ್ಮ ಪೆನ್ನಿನ ಸಪ್ಪಳ ಕೇಳಿಸ್ತು.

ಹೋದ ಮಂಗಳವಾರ ಅಂದೆ:
'ನಸುಕಿನ್ಯಾಗ ಹೋಗಿ ಅಪ್ಪನ್ನ ಬಂದ್ ಮಾಡಿದೆ.'
ನೀರನ್ನ ಅನ್ನಬೇಕಿತ್ತು.
ನೀವು ಏನೂ ಅನಲಿಲ್ಲ. ಫ್ಯಾನು ತಿರುಗತಿತ್ತು.
ಇಷ್ಟು ರೊಕ್ಕ ತಗೊಂಡು ಒಂದು ಮಾತಿಲ್ಲಲ್ಲ ಈಕೀದು,
ಎದ್ದು ಹೊಡೀಬೇಕು ಅನಿಸ್ತು.
ಗಾಂಧಿ ಚೌಕಿನ ತನಕ ನಡದ ಮ್ಯಾಲ ತಿಳೀತು,
ಆ ಸಿಟ್ಟು ನಿಮ್ಮ ಅಳತೀದಲ್ಲ.
ಹಳೇ ಅಂಗಿ ಅದು. ನಿಮಗ ತೊಡಸಾಕತ್ತಿದ್ದೆ.

ಅಪ್ಪ ನದಾಫ.
ಹಳೇ ಗಾದಿ ಬಿಚ್ಚಿ ಗಂಟುಗಟ್ಟಿದ ಅರಳಿ ಹಿಂಜತಿದ್ದ,
ಓಣಿ ತುಂಬ ಬಿಲ್ಲಿನ ಟುಂಯ್ ಟುಂಯ್.
ಸಾಲಿ ಹುಡುಗರು ನನ್ನ ನೋಡಿ ಟುಂಯ್ ಅಂತಿದ್ರು.
ಅಪ್ಪ ಇಲ್ಲದಂಗಾಗಲಿ ಅಂತ... ಅಂದ್ಕೊಂಡಿಲ್ಲ ಬಿಡ್ರಿ.

ಅಂದ್ಕೊಂಡಿದ್ದೆ.

ಹೊಟ್ಟಿ ಕೊಯ್ಸಿಕೊಂಡು ಸರಕಾರಿ ದವಾಖಾನ್ಯಾಗ ಮಲಗಿದ್ದ.
'ಹನಿ ನೀರು ಹಾಕೋ ಗೈಬೂ' ಅಂದ.
ಕೊಡಬ್ಯಾಡ ಅಂದಿದ್ಲು ಸಿಸ್ಟರು.
ಹದಿಮೂರು ನನಗ. ಬಲಗೈಯಾಗ ತಂಬಿಗಿ.
ಬೆಳಗಾಗೂದ್ರಾಗ ಹೋದ.
ಸಿಸ್ಟರ ಮಾತಿಗೆ ಕೊಡಲಿಲ್ಲೋ, ಆ ಟುಂಯ್‌ಗೆ ಕೊಡಲಿಲ್ಲೋ,
ನನಗ ಗೊತ್ತಿಲ್ರಿ. ಕೈಗೆ ಗೊತ್ತು.

ಗೈಬು ಅಂದ್ರ ಕಾಣದ್ದು.
ಅವ್ವ ದರ್ಗಾಕ್ಕ ಬೇಡಿಕೊಂಡು ಇಟ್ಟ ಹೆಸರು.

ವ್ಯಾಳೆ ಆತು ಅಂತೀರಿ. ಏಳತೀನಿ.
ಕೈ ಬಿಟ್ಟದೇನ ಅಂತ ಕೇಳಬ್ಯಾಡ್ರಿ,
ಎರಡು ಬೆರಳು ಮಡಚ್ತಾವ, ಉಳಿದವು ವಿಚಾರ ಮಾಡ್ತಾವ.
ಆದ್ರ ಬಾಯಾರ, ನಿಮ್ಮ ದಿವಾನದ ಗಾದಿ ಒತ್ತಿ ನೋಡಿದೆ,
ಅರಳಿ ಗಂಟುಗಟ್ಟೇದ.
ಅಪ್ಪನ ಬಿಲ್ಲು ನಮ್ಮ ಅಟ್ಟದ ಮ್ಯಾಲ ಅದ.
ನರ ಸಡಲಾಗೇದ, ಅಷ್ಟ.